ಅಳಿಸಿದ ಮೆಸೇಜು ರಿಪ್ಲೈ ಒಳಗೆ ಉಳಿದಿತ್ತು

ಫೋನು, ಕಂಪ್ಯೂಟರ್ ಒಳಗಿಂದ ಸಾಕ್ಷಿ ಹುಡುಕೋ ಡಿಜಿಟಲ್ ಫೋರೆನ್ಸಿಕ್ ಕೆಲಸ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಡಿಲೀಟ್ ಆಗಿರೋ ವಾಟ್ಸಾಪ್ ಮೆಸೇಜ್ ವಾಪಸ್ ತರ್ತೀರಾ ಅಂತ. ಕೆಲವು ಸಲ ಬರುತ್ತೆ, ಬಹಳ ಸಲ ಬರಲ್ಲ. ತಿಪಟೂರು ಕಡೆಯ ಒಬ್ಬ ಅಮ್ಮನ ಫೋನ್ ನಮ್ಮ ಟೇಬಲ್ ಮೇಲೆ ಇದ್ದ ದಿನದ ಬಗ್ಗೆ ಬರೀತೀನಿ, ಯಾಕಂದ್ರೆ ಅವತ್ತು ಸಾಕ್ಷಿ ಸಿಕ್ಕಿದ ಜಾಗ ಬೇರೇನೇ ಆಗಿತ್ತು.

ಕೊಬ್ಬರಿ ಮಾರಿದ ದುಡ್ಡಲ್ಲಿ 4 ಲಕ್ಷ ಸಂಬಂಧಿಕರ ಹುಡುಗನ ಅಕೌಂಟಿಗೆ ಹಾಕಿದ್ರು, ಹಾಕಿದ್ದಕ್ಕೆ ಬ್ಯಾಂಕ್ ದಾಖಲೆ ಇದೆ, ಆದ್ರೆ ಅವನು ಅದು ಸಾಲ ಅಲ್ಲ ನನಗೆ ಬರ್ಬೇಕಿದ್ದ ಹಳೇ ಬಾಕಿ ಅಂತಾನೆ. ದುಡ್ಡು ತಲುಪಿದ ದಿನ ಅವನೇ ಹಾಕಿದ್ದ ಮೆಸೇಜನ್ನ ಮಾರನೇ ದಿನ ಡಿಲೀಟ್ ಫಾರ್ ಎವ್ರಿಒನ್ ಮಾಡಿದಾನೆ. ಅಮ್ಮನ ಹತ್ರ ಇದ್ದಿದ್ದು ಒಂದು ಸ್ಕ್ರೀನ್‌ಶಾಟ್, ಎದುರು ಕಡೆ ವಕೀಲರು ಇಂಥಾದ್ದನ್ನ ಯಾರು ಬೇಕಾದ್ರೂ ಮಾಡ್ಬೋದು ಅಂದ್ರು. ಆ ಮಾತು ನಿಜಾನೇ, ಸುಳ್ಳು ಚಾಟ್ ತಯಾರು ಮಾಡೋ ಆಪ್‌ಗಳೇ ಇದಾವೆ.

ಪುಣ್ಯಕ್ಕೆ ಅವರ ಮಗ ಫೋನನ್ನ ಮೊಬೈಲ್ ಅಂಗಡಿಗೆ ಕೊಟ್ಟು ರಿಕವರಿ ಆಪ್ ಹಾಕಿಸಿರ್ಲಿಲ್ಲ, ವಾಟ್ಸಾಪ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿರ್ಲಿಲ್ಲ. ಅಮ್ಮನಿಗೆ ಇದ್ದ ಭಯ ಬೇರೆ. "ಎಲ್ಲಾನೂ ಓದ್ತೀರೇನಪ್ಪ, ಮಗಳ ಮನೆ ವಿಷ್ಯ ಎಲ್ಲ ಅದ್ರಲ್ಲೇ ಐತೆ" ಅಂದ್ರು. ಇಲ್ಲಮ್ಮ, ಆ ಒಂದು ನಂಬರ್ ಚಾಟ್ ಮಾತ್ರ ನೋಡೋದು, ರಿಪೋರ್ಟಲ್ಲೂ ಅಷ್ಟೇ ಬರೋದು ಅಂದೆ, ಹಾಗೇ ಬರೆಸಿ ಸಹಿ ಹಾಕಿಸ್ಕೊಂಡೆ. ಈ ವಿಷಯದಲ್ಲಿ ನಾನು ತುಂಬಾ ಸ್ಟ್ರಿಕ್ಟು, ಒಂದು ಫೋನ್ ಒಳಗೆ ಇಡೀ ಸಂಸಾರ ಇರುತ್ತೆ.

ಫ್ಲೈಟ್ ಮೋಡ್ ಹಾಕಿ, ಫೋನೊಳಗಿನ ಫೈಲೆಲ್ಲ ಕಾಪಿ ತೆಗೆಯೋ ಫುಲ್ ಫೈಲ್ ಸಿಸ್ಟಂ ಎಕ್ಸ್‌ಟ್ರಾಕ್ಷನ್ ಮಾಡಿ, ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಕೋಡು, ಒಳಗೆ ಒಂದಕ್ಷರ ಬದಲಾದ್ರೂ ಇದು ಬದಲಾಗುತ್ತೆ) ತೆಗೆದಿಟ್ಟು, ಕಾಪಿ ಮೇಲೆ ಕೆಲಸ ಶುರು ಮಾಡಿದ್ವಿ. ಆಂಡ್ರಾಯ್ಡಲ್ಲಿ ವಾಟ್ಸಾಪ್ ಮೆಸೇಜೆಲ್ಲ ಎಂಎಸ್‌ಜಿಸ್ಟೋರ್ ಅನ್ನೋ ಎಸ್‌ಕ್ಯೂಲೈಟ್ ಡೇಟಾಬೇಸಲ್ಲಿ ಇರುತ್ತೆ, ಅದರ ಪಕ್ಕದಲ್ಲೇ ವಾಲ್ ಅಂತ ಇನ್ನೊಂದು ಫೈಲು, ಹೊಸ ಬದಲಾವಣೆ ಮೊದಲು ಅಲ್ಲಿಗೆ ಬಿದ್ದು ಆಮೇಲೆ ಮೇನ್ ಫೈಲಿಗೆ ಸೇರುತ್ತೆ. ಒರಿಜಿನಲ್ ಡೇಟಾಬೇಸನ್ನೇ ಮಾಮೂಲಿ ಟೂಲಲ್ಲಿ ಓಪನ್ ಮಾಡಿ ಕ್ಲೋಸ್ ಮಾಡಿದ್ರೂ ಸಾಕು, ವಾಲ್ ಫೈಲ್ ಮೇನ್ ಫೈಲಿಗೆ ಸೇರಿ ಖಾಲಿ ಆಗ್ಬೋದು, ಅದಕ್ಕೇ ಕಾಪಿ ಬೇಕೇ ಬೇಕು. ಆದ್ರೆ ಇಲ್ಲಿ ಎಂಟು ತಿಂಗಳು ಕಳೆದಿತ್ತು, ವಾಲ್‌ನಲ್ಲಿ ಏನೂ ಇಲ್ಲ, ಲೋಕಲ್ ಬ್ಯಾಕಪ್ ಇರೋದೇ ಹೆಚ್ಚು ಅಂದ್ರೆ ಒಂದು ವಾರದ್ದು, ಮೆಸೇಜಿದ್ದ ಸಾಲಲ್ಲಿ ಡಿಲೀಟ್ ಆಗಿದೆ ಅನ್ನೋ ಗುರುತು ಬಿಟ್ರೆ ಪಠ್ಯ ಇಲ್ಲ.

ಅಮ್ಮ ಅವತ್ತು ಆ ಮೆಸೇಜನ್ನ ಒತ್ತಿ ಹಿಡಿದು ಅದಕ್ಕೇ ರಿಪ್ಲೈ ಕೊಟ್ಟಿದ್ರು, ಬರೀ "ಆಯ್ತು ಕಣಪ್ಪ" ಅಂತ. ಹಾಗೆ ರಿಪ್ಲೈ ಮಾಡಿದಾಗ ಮೂಲ ಮೆಸೇಜಿನ ಪಠ್ಯದ ಒಂದು ಪ್ರತಿ, ಅದೇ ಡೇಟಾಬೇಸಲ್ಲಿ ರಿಪ್ಲೈ ಜೊತೆ ಕಾಣೋ ಮೂಲ ಮೆಸೇಜುಗಳನ್ನ ಇಡೋ ಕೋಟ್ ಟೇಬಲ್‌ಗೆ ಹೋಗಿ ಕೂರುತ್ತೆ, ಆ ರಿಪ್ಲೈ ಅಮ್ಮಂದು, ಅವನು ಅವನ ಮೆಸೇಜ್ ಅಳಿಸಿದ್ರೂ ಇದು ಹೋಗಲ್ಲ. ಆ ಟೇಬಲ್ ತೆಗೆದು ನೋಡಿದ್ರೆ "ದುಡ್ಡು ಬಂತು ಅಕ್ಕ, ಯುಗಾದಿ ಕಳೀಲಿ ವಾಪಸ್ ಹಾಕ್ತೀನಿ". ಓದಿ ನಿಜವಾಗ್ಲೂ ಖುಷಿ ಆಯ್ತು.

ಆದ್ರೆ ಕೋಟ್ ಒಂದನ್ನೇ ನೆಚ್ಕೊಳ್ಳೋ ಹಾಗಿಲ್ಲ. ಕೋಟ್ ಆದ ಪಠ್ಯ ತಿರುಚಿ ಕಳಿಸ್ಬೋದು ಅಂತ 2018ರಲ್ಲೇ ಚೆಕ್ ಪಾಯಿಂಟ್ ಅನ್ನೋ ಸೈಬರ್ ಸೆಕ್ಯುರಿಟಿ ಕಂಪನಿಯ ಸಂಶೋಧಕರು ತೋರಿಸಿದ್ರು. ಅದಕ್ಕೆ ಫೋನ್ ರೂಟ್ ಆಗಿಲ್ಲ (ಅಂದ್ರೆ ಒಳಗಿನ ಫೈಲು ತಿದ್ದೋ ಹಾಗೆ ಲಾಕ್ ತೆಗೆದಿಲ್ಲ), ಇರೋದು ಅಸಲಿ ವಾಟ್ಸಾಪೇ ಅಂತ ಚೆಕ್ ಮಾಡಿದ್ವಿ, ಡಿಲೀಟ್ ಆದ ಮೆಸೇಜಿನ ಐಡಿನೂ ಕೋಟ್‌ನಲ್ಲಿರೋ ಐಡಿನೂ ಅಕ್ಷರ ಬಿಡದೆ ಒಂದೇ ಇತ್ತು, ಬ್ಯಾಂಕ್ ದಾಖಲೆಯಲ್ಲಿ ದುಡ್ಡು ಹೋದ ಹೊತ್ತಿಗೂ ಮೆಸೇಜಿಗೂ ಕೆಲವೇ ನಿಮಿಷ ವ್ಯತ್ಯಾಸ. ಕೋಟ್ ತಿರುಚೋ ಸಾಧ್ಯತೆ ಬಗ್ಗೆನೂ ರಿಪೋರ್ಟಲ್ಲಿ ಬರೆದೆ, ನಮ್ಮ ಕಕ್ಷಿದಾರರಿಗೆ ಅನುಕೂಲ ಆಗೋದನ್ನ ಮಾತ್ರ ಬರೆದ್ರೆ ಅದು ಪರಿಣತರ ರಿಪೋರ್ಟ್ ಆಗಲ್ಲ.

2024 ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ್ಮೇಲೆ ಎಲೆಕ್ಟ್ರಾನಿಕ್ ಸಾಕ್ಷಿಗೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ 63ನೇ ಸೆಕ್ಷನ್, ಸರ್ಟಿಫಿಕೇಟಿಗೆ ಎರಡು ಭಾಗ, ಒಂದು ಫೋನಿನವರದ್ದು, ಇನ್ನೊಂದು ಪರಿಣತರದ್ದು, ಎರಡರಲ್ಲೂ ಹ್ಯಾಶ್ ಬರೀಬೇಕು. ಎರಡೂ ಸೇರಿಸಿ ಕೊಟ್ವಿ.

ಪಾಟಿ ಸವಾಲಲ್ಲಿ ಎದುರು ವಕೀಲರು ಹಿಡಿದಿದ್ದು ಟೈಮನ್ನ. ಸ್ಕ್ರೀನ್‌ಶಾಟಲ್ಲಿ 9:42, ರಿಪೋರ್ಟಲ್ಲಿ 4:12, ಯಾವುದ್ರೀ ಸರಿ ಅಂದ್ರು. ಎರಡೂ ಸರಿ ಸರ್ ಅಂದೆ, ಡೇಟಾಬೇಸಲ್ಲಿ ಟೈಮ್ ಇರೋದು 1970 ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡಲ್ಲಿ, ಯುಟಿಸಿ ಅನ್ನೋ ಜಾಗತಿಕ ಟೈಮ್ ಪ್ರಕಾರ, ಅದಕ್ಕೆ ಐದೂವರೆ ಗಂಟೆ ಕೂಡಿಸಿದ್ರೆ ನಮ್ಮ ಟೈಮು. ಜಡ್ಜ್ ಸಾಹೇಬ್ರು ಆ ಐದೂವರೆ ಗಂಟೆ ಲೆಕ್ಕಾನ ಇನ್ನೊಂದು ಸಲ ಹೇಳಿಸಿ ಬರೆಸ್ಕೊಂಡ್ರು. ಫೋನ್ ಇನ್ನೂ ಕೋರ್ಟಲ್ಲೇ ಇದೆ, ಅಮ್ಮನಿಗೆ ಮಗ ಬೇರೆ ಫೋನ್ ಕೊಡಿಸಿದಾನೆ, ಕೇಸ್ ಈಗ ವಾದಕ್ಕೆ ನಿಂತಿದೆ.