ಹಿನ್ನೆಲೆ ಸಂಗೀತವಿಲ್ಲದ ಸುದ್ದಿಮನೆ

ಭಾನುವಾರ, 16 ಜೂನ್ 2024

ಸಂಜೆಯಿಂದ ಬಿಡದೆ ಮಳೆ. ಮಗಳು ಹಾಸ್ಟೆಲಿನಿಂದ ಬಂದು ಒಂದು ವಾರವಾಯಿತು. ಅವಳು ಓದುತ್ತಿರುವುದು ಪತ್ರಿಕೋದ್ಯಮ. ದಿನಾ ರಾತ್ರಿ ಊಟ ಮುಗಿಸಿ ಇಬ್ಬರೂ ‘ದಿ ವೈರ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಐದನೇ ಸೀಸನ್ ನೋಡುತ್ತಿದ್ದೆವು. ಹತ್ತು ಕಂತು, ಇವತ್ತು ಮುಗಿಯಿತು.

ಮೊದಲ ದಿನವೇ ಅವಳು ಕೇಳಿದ್ದಳು, “ಅಮ್ಮಾ, ಇದ್ರಲ್ಲಿ ಮ್ಯೂಸಿಕ್ಕೇ ಇಲ್ವಲ್ಲ?”

ಹೌದು, ಇಲ್ಲ. ಕಾರಿನ ರೇಡಿಯೊ ಹಾಡಿದರೆ ಹಾಡು ಕೇಳಿಸುತ್ತದೆ. ಬಾರಿನಲ್ಲಿ ಹಾಡು ಹಾಕಿದ್ದರೆ ಅದು ಕೇಳಿಸುತ್ತದೆ. ಹೊರಗಿನಿಂದ ತಂದು ಸೇರಿಸಿದ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು. ಈ ಸೀಸನ್ 2008ರಲ್ಲಿ ಬಂತು. ಕಥೆಯ ಒಂದು ಭಾಗ ನಡೆಯುವುದು ‘ಬಾಲ್ಟಿಮೋರ್ ಸನ್’ ಪತ್ರಿಕೆಯ ಸುದ್ದಿಮನೆಯಲ್ಲಿ. ಧಾರಾವಾಹಿ ಮಾಡಿದ ಡೇವಿಡ್ ಸೈಮನ್ ಹಿಂದೆ ಅದೇ ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು. ಹಾಗಾಗಿ ಅಲ್ಲಿ ಕೇಳಿಸುವುದು ಕೀಬೋರ್ಡು, ಫೋನು, ಯಾರೋ ಯಾರನ್ನೋ ಕೂಗುವ ದನಿ ಮಾತ್ರ. ನಾನು ಹನ್ನೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದುವ ವಿಭಾಗದಲ್ಲಿ, ಇದ್ದೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಅದು ಸುದ್ದಿಮನೆ ಅಂತ ಗೊತ್ತಾಗುತ್ತದೆ.

ಒಂದು ದೃಶ್ಯ ಇನ್ನೂ ತಲೆಯಲ್ಲಿದೆ. ಹೊಸ ವರದಿಗಾರ್ತಿ ಬೆಂಕಿ ಅನಾಹುತದ ಸುದ್ದಿ ಬರೆದಿದ್ದಾಳೆ. ಜನರನ್ನು ‘ಇವ್ಯಾಕ್ಯುಯೇಟ್’ (ಖಾಲಿ) ಮಾಡಿದರು ಅಂತ ಬರೆದಿದ್ದಾಳೆ. ಹಿರಿಯ ಕಾಪಿ ಎಡಿಟರ್ ತಿದ್ದುತ್ತಾರೆ: ಕಟ್ಟಡವನ್ನು ಹಾಗೆ ಮಾಡಬಹುದು, ಮನುಷ್ಯರನ್ನಲ್ಲ. ಅಷ್ಟೇ. ಕ್ಯಾಮೆರಾ ಓಡಾಡುವುದಿಲ್ಲ, ಮುಖದ ಹತ್ತಿರಕ್ಕೆ ನುಗ್ಗುವುದಿಲ್ಲ. ನಮ್ಮ ಡೆಸ್ಕಿನಲ್ಲೂ ಒಬ್ಬ ಹಿರಿಯರಿದ್ದರು. ಯಾರಾದರೂ ‘ಸಾವನ್ನಪ್ಪಿದ’ ಎಂದು ಬರೆದರೆ, “ಸಾವನ್ನ ಯಾರಾದ್ರೂ ಹೋಗಿ ಅಪ್ಪಿಕೊಳ್ತಾರೇನಮ್ಮಾ?” ಎಂದು ಕೇಳಿ, ತಾವೇ ‘ಸತ್ತ’ ಎಂದು ಮಾಡುತ್ತಿದ್ದರು. ಒಂದು ಪದಕ್ಕಾಗಿ ನಿಲ್ಲುವ ಆ ಎರಡು ನಿಮಿಷವನ್ನು ಟಿವಿಯಲ್ಲಿ ನೋಡುತ್ತೇನೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಇನ್ನೊಂದು ದೃಶ್ಯದಲ್ಲಿ ನಗರದ ಸುದ್ದಿಗಳನ್ನು ನೋಡಿಕೊಳ್ಳುವ ಸಿಟಿ ಎಡಿಟರ್ ಗಸ್ ನಡುರಾತ್ರಿ ಎದ್ದು ಕೂರುತ್ತಾನೆ. ಅಂಕಿಗಳನ್ನು ಹಿಂದುಮುಂದು ಮಾಡಿಬಿಟ್ಟೆನಾ ಎಂಬ ಭಯ. ಆಫೀಸಿಗೆ ಫೋನ್ ಮಾಡಿ ಕೇಳುತ್ತಾನೆ. ಸರಿಯಾಗಿಯೇ ಇರುತ್ತದೆ. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಪುಟ ಪ್ರಿಂಟಿಗೆ ಹೋದ ಮೇಲೆ ಎರಡು ಗಂಟೆ ರಾತ್ರಿಯಲ್ಲಿ ಬರುವ ಭಯ ಅದು. ಅದಕ್ಕೆ ಯಾವ ಪಿಟೀಲೂ ಬೇಡ.

ಮಗಳಿಗೆ ಇಷ್ಟವಾದದ್ದು ‘ದಿ ನ್ಯೂಸ್‌ರೂಮ್’, ಟಿವಿ ಸುದ್ದಿ ವಾಹಿನಿಯೊಂದರ ಕಥೆಯ ಧಾರಾವಾಹಿ. ಹೋದ ರಜೆಯಲ್ಲಿ ನೋಡಿದ್ದೆವು. 2012ರಲ್ಲಿ ಶುರುವಾದದ್ದು. ಅದರ ಮೊದಲ ಕಂತಿನಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಬಾವಿ ಕೊರೆಯುವ ವೇದಿಕೆಯ ಸ್ಫೋಟದ ಸುದ್ದಿ ಬರುತ್ತದೆ. ಕ್ಯಾಮೆರಾ ಅಲುಗಾಡುತ್ತಾ ಜನರ ನಡುವೆ ನುಗ್ಗುತ್ತದೆ, ಎಲ್ಲರೂ ನಡೆಯುತ್ತಲೇ ಮಾತಾಡುತ್ತಾರೆ, ಸಂಗೀತ ಏರುತ್ತದೆ. ನನಗೂ ಅವತ್ತು ರೋಮಾಂಚನ ಆಗಿತ್ತು. ಸುಳ್ಳು ಹೇಳಲಾರೆ. ಆದರೆ ಆ ಸ್ಫೋಟ ನಡೆದದ್ದು 2010ರ ಏಪ್ರಿಲ್ 20ರಂದು. ಯಾರು ಹೇಳಿದ್ದು ಸರಿ ಅಂತ ಕಂತು ಬರೆದವರಿಗೆ ಮೊದಲೇ ಗೊತ್ತು. ಸಂಗೀತಕ್ಕೂ ಗೊತ್ತು. ಅದು ನಮ್ಮ ಭುಜ ತಟ್ಟಿ ‘ಇವನನ್ನು ನಂಬು’ ಅನ್ನುತ್ತದೆ. ನಿಜವಾದ ಡೆಸ್ಕಿನಲ್ಲಿ ಆ ಹೊತ್ತಿಗೆ ಯಾರೂ ಭುಜ ತಟ್ಟುವುದಿಲ್ಲ.

ಅದೇ ಧಾರಾವಾಹಿಯ ಎರಡನೇ ಸೀಸನ್ ಮಾತ್ರ ಬೇರೆ. ಒಬ್ಬ ಪ್ರೊಡ್ಯೂಸರ್ ಸಂದರ್ಶನವನ್ನು ಕತ್ತರಿಸಿ ಅರ್ಥವನ್ನೇ ಬದಲಿಸಿರುತ್ತಾನೆ. ಸಿಕ್ಕಿಬೀಳುವುದು ಹೇಗೆ ಅಂದರೆ, ಹಿಂದೆ ಟಿವಿಯಲ್ಲಿ ಓಡುತ್ತಿದ್ದ ಬಾಸ್ಕೆಟ್‌ಬಾಲ್ ಪಂದ್ಯದ ಗಡಿಯಾರ ಇದ್ದಕ್ಕಿದ್ದಂತೆ ಜಿಗಿಯುತ್ತದೆ! ಚಿತ್ರದ ಮೂಲೆಯಲ್ಲಿ ಒಂದು ಅಂಕಿ. ಅದನ್ನು ನೋಡುವ ಕಣ್ಣು ಬೇಕು. ಇಲ್ಲಿ ನಾನು ಆ ಧಾರಾವಾಹಿಗೆ ಮನಸಾರೆ ಕೈಮುಗಿದೆ.

‘ದಿ ವೈರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸ್ಕಾಟ್ ಟೆಂಪಲ್ಟನ್ ಎಂಬ ವರದಿಗಾರನನ್ನು ಬೇಸ್‌ಬಾಲ್ ಸೀಸನ್ನಿನ ಮೊದಲ ಪಂದ್ಯಕ್ಕೆ ಕಳಿಸುತ್ತಾರೆ. ಕ್ರೀಡಾಂಗಣದ ಹೊರಗೆ ಅವರಿವರನ್ನು ಮಾತಾಡಿಸುತ್ತಾನೆ, ಏನೂ ಸಿಗುವುದಿಲ್ಲ. ಆಮೇಲೆ ಗಾಲಿಕುರ್ಚಿಯ ಹುಡುಗನ ಕರುಣೆಯ ಕಥೆ ಹಿಡಿದು ಆಫೀಸಿಗೆ ಬರುತ್ತಾನೆ. ಆ ಹುಡುಗನನ್ನು ನಮಗೆ ತೋರಿಸುವುದೇ ಇಲ್ಲ. ಪೂರ್ತಿ ಹೆಸರಿಲ್ಲ, ಫೋಟೊ ಇಲ್ಲ. ಇವನು ಸುಳ್ಳು ಬರೆದಿದ್ದಾನೆ ಅಂತ ಸಂಗೀತವೂ ಹೇಳಿಕೊಡುವುದಿಲ್ಲ. ಗಸ್‌ಗೆ ಎಷ್ಟು ಗೊತ್ತೋ ಹೆಚ್ಚುಕಮ್ಮಿ ಅಷ್ಟೇ ನಮಗೂ ಗೊತ್ತು. ಅವನು ಅನುಮಾನ ಪಟ್ಟಂತೆ ನಾವೂ ಪಡಬೇಕು. ನನ್ನ ಮಗಳು ಸೋಫಾದಲ್ಲಿ ನೆಟ್ಟಗೆ ಕೂತು, “ಆ ಹುಡುಗ ಎಲ್ಲಮ್ಮಾ? ಇವನು ಮಾತಾಡಿಸಿದ್ದನ್ನ ನಾವು ನೋಡ್ಲೇ ಇಲ್ವಲ್ಲ!” ಅಂದಳು. ಅವಳ ಬಾಯಲ್ಲಿ ಡೆಸ್ಕಿನ ಪ್ರಶ್ನೆ. ಎಷ್ಟು ಸಂತೋಷವಾಯಿತು ಗೊತ್ತಾ?

ಟೆಂಪಲ್ಟನ್ ಆಗಿ ನಟಿಸಿದ ಟಾಮ್ ಮೆಕಾರ್ತಿ ನಿರ್ದೇಶಕರೂ ಹೌದು. ಮುಂದೆ 2015ರಲ್ಲಿ ಬಾಸ್ಟನ್ ವರದಿಗಾರರ ಬಗ್ಗೆ ‘ಸ್ಪಾಟ್‌ಲೈಟ್’ ಸಿನಿಮಾ ಮಾಡಿದರು. ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಇದನ್ನು ಹೇಳಿದಾಗ ಮಗಳು ನಂಬಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿ ಆಮೇಲೆ ಒಪ್ಪಿದಳು. ಅದೂ ಒಳ್ಳೆಯದೇ.

ಇವತ್ತಿನ ಕೊನೆಯ ಕಂತಿಗೆ ಬರುತ್ತೇನೆ. ಪ್ರತಿ ಸೀಸನ್ನಿನ ಕೊನೆಯಲ್ಲಿ ಮಾತ್ರ ‘ದಿ ವೈರ್’ ತನ್ನ ನಿಯಮ ಮುರಿಯುತ್ತದೆ. ಒಂದು ಹಾಡು ಹಾಕಿ, ಯಾರು ಏನಾದರು ಅಂತ ಒಂದೊಂದೇ ಚಿತ್ರವಾಗಿ ತೋರಿಸುತ್ತದೆ. ಅಷ್ಟು ಹೊತ್ತು ಸದ್ದಿಲ್ಲದೆ ನೋಡಿದ್ದ ಸುದ್ದಿಮನೆಗೆ ಆಗ ಹಾಡು ಬಂತು. ಗಸ್‌ನನ್ನು ಅವನ ಕುರ್ಚಿಯಿಂದ ಎಬ್ಬಿಸಿ ಕಾಪಿ ಡೆಸ್ಕಿಗೆ ಹಾಕಿದ್ದಾರೆ. ಟೆಂಪಲ್ಟನ್ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ತೆಗೆದುಕೊಳ್ಳುತ್ತಿದ್ದಾನೆ.

ಮಗಳು ರಿಮೋಟ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, “ಅಮ್ಮಾ, ಮೊದಲನೇ ಕಂತು ಇನ್ನೊಂದ್ಸಲ ಹಾಕ್ಲಾ?” ಅಂದಳು. ಹಾಕು ಅಂದೆ.