ಬೇಲೂರು ದಾಟಿದ ಮೇಲೆ

ಚಿಕ್ಕಮಗಳೂರಿನಲ್ಲಿ ಸೈಕಲ್ ಹೊಡೆಯುವವರಿಗೆಲ್ಲ ಗಿರಿಯ ಮೇಲೇ ಕಣ್ಣು. ಕೈಮರ ದಾಟಿ, ಸೀತಾಳಯ್ಯನಗಿರಿಯ ತಿರುವುಗಳಲ್ಲಿ ಎಲ್ಲೂ ಕಾಲೂರದೆ ಹತ್ತಿದವನೇ ಗಟ್ಟಿಗ ಅನ್ನುವುದು ನಮ್ಮೂರ ಲೆಕ್ಕ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್, ಪೇಟೆಯಿಂದ 800 ಮೀಟರಿಗೂ ಮಿಕ್ಕಿದ ಏರು. ಬೆಂಗಳೂರಿನವರೆಗೆ ಸೈಕಲ್ ತುಳಿಯುವುದೆಂದು ನಾವು ನಾಲ್ಕು ಜನ ತೀರ್ಮಾನಿಸಿದಾಗ ನಾನೂ ಡಿಸೆಂಬರ್ ಪೂರ್ತಿ ಗಿರಿಯನ್ನೇ ಹತ್ತಿ ಇಳಿದೆ. ಫೆಬ್ರವರಿಯ ಒಂದು ಭಾನುವಾರ ಹಾಸನಕ್ಕೆ ಹೋಗಿ ಬಂದ ಮೇಲೆ ಆ ಲೆಕ್ಕವನ್ನು ಬಿಟ್ಟೆ.

ನನ್ನದು ಮೆಡಿಕಲ್ ಶಾಪ್. ಬೆಂಗಳೂರಿನ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರು ಚೀಟಿ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ಮಕ್ಕಳಿಗೆ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರಿಗೆ ಎರಡು ಮೂರು ವರ್ಷ ಚಿಕಿತ್ಸೆ ನಡೆಯುತ್ತದೆ. ಮೊದಲ ತಿಂಗಳುಗಳ ಇಂಜೆಕ್ಷನ್ ಮುಗಿದ ಮೇಲೂ ದಿನಾ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಮತ್ತೆ ಬೆಂಗಳೂರು. ಒಳ್ಳೆಯ ಚಿಕಿತ್ಸೆ ಸಿಕ್ಕಿದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಆದರೆ ಅದನ್ನು ನಡುವೆ ಬಿಡಬಾರದು. ಬಿಡುವುದು ಯಾಕೆ ಅಂತ ನಾನು ಕೌಂಟರಿನ ಈಚೆ ನಿಂತು ನೋಡಿದ್ದೇನೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ತಾಯಂದಿರಿಗೆ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೂ ಅಪ್ಪನ ಚಾರ್ಜು, ಹೋಟೆಲ್ ಊಟ, ರೂಮು, ಕೂಲಿ ತಪ್ಪಿದ ದಿನಗಳು ಉಳಿಯುತ್ತವಲ್ಲ. ಆ ಖರ್ಚಿಗೆಂದೇ ನಮ್ಮ ಸವಾರಿ. ಪರಿಚಯದವರು ಕಿಲೋಮೀಟರಿಗೆ ಇಷ್ಟು ಅಂತ ಬರೆಸಿದ್ದರು. ಮಾರ್ಚಿಯಲ್ಲಿ ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ಸುಮಾರು 245 ಕಿಲೋಮೀಟರ್, ಎರಡು ದಿನ.

ನಾಲ್ವರಲ್ಲಿ ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬ ಗ್ಯಾರೇಜಿನ ಹುಡುಗ. ಇನ್ನೊಬ್ಬರು ಕಾಫಿ ತೋಟವೊಂದರ ರೈಟ್ರು. ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಅವರ ಮಗಳಿಗೆ ಚಿಕಿತ್ಸೆಯ ಎರಡನೇ ವರ್ಷ ನಡೆಯುತ್ತಿತ್ತು, ಪರಿಚಯ ಆದದ್ದೂ ಅವಳ ಮಾತ್ರೆ ಚೀಟಿಯಿಂದಲೇ. ಯಾರದೋ ಗೇರ್ ಸೈಕಲ್ ಕೇಳಿ ತಂದಿದ್ದರು. ಗಿರಿ ಹತ್ತುವಾಗ ಯಾವಾಗಲೂ ಕೊನೆಗೆ ಬರುತ್ತಿದ್ದರು. ನಾವು ಮೇಲೆ ಕಾದು ನಿಲ್ಲುತ್ತಿದ್ದೆವು.

ಆ ಭಾನುವಾರ ಐದೂವರೆಗೆ ಹೊರಟೆವು. ಚಳಿ ಇತ್ತು, ಕಿವಿ ಮುಚ್ಚಿಕೊಂಡಿದ್ದೆವು. ಬೇಲೂರಿಗೆ 25 ಕಿಲೋಮೀಟರ್, ಅಲ್ಲಿಂದ ಹಾಸನಕ್ಕೆ ಇನ್ನೊಂದು ನಲವತ್ತರಷ್ಟು. ಬೇಲೂರು ಕಳೆದ ಮೇಲೆ ಕಾಫಿಯ ನೆರಳು ಹಿಂದಾಗಿ ಬಯಲು ತೆರೆದುಕೊಂಡಿತು, ಕೊಯ್ದ ಹೊಲಗಳಲ್ಲಿ ಹುಲ್ಲಿನ ಬಣವೆಗಳು. ಹೋಗುವಾಗ ಒಟ್ಟಾರೆ ಇಳಿಜಾರು, ಹಾಸನಕ್ಕಿಂತ ನಮ್ಮೂರು ನೂರು ಮೀಟರಿನಷ್ಟು ಎತ್ತರದಲ್ಲಿದೆ. ನಾನೇ ಮುಂದಿದ್ದೆ, ಹಿಂದಿರುಗಿ ನೋಡಲೂ ಇಲ್ಲ. ಹಾಸನದಲ್ಲಿ ಉಳಿದವರು ಅಕ್ಕಿ ರೊಟ್ಟಿ, ಇಡ್ಲಿ ಅಂತ ಕೂತು ತಿಂದರು. ಹೊಟ್ಟೆ ಭಾರವಾದೀತು ಅಂತ ನಾನು ಒಂದು ಪ್ಲೇಟ್ ಇಡ್ಲಿಗೇ ಏಳುತ್ತಾ ಬಾಟಲಿಗೆ ಓಆರ್‌ಎಸ್ ಕಲಸಿಕೊಂಡೆ. ಇದೊಂದಿದ್ದರೆ ಸಾಕು ಅನ್ನುವ ನಂಬಿಕೆ ನನಗೆ.

ವಾಪಸು ಬರುವಾಗ ಎದುರುಗಾಳಿ. ಮುಂದಿನವರ ಚಕ್ರದ ಹಿಂದೆ ಒಂದು ಮಾರು ಬಿಟ್ಟು ಹೋದರೆ ಗಾಳಿಯ ಏಟು ಸಾಕಷ್ಟು ತಪ್ಪುತ್ತದೆ, ಅದನ್ನು ಮೇಷ್ಟ್ರು ಮೊದಲ ವಾರವೇ ಹೇಳಿದ್ದರು. ನಾನು ಕೇಳಲಿಲ್ಲ, ಒಬ್ಬನೇ ಮುಂದೆ ತುಳಿದೆ. ಬೇಲೂರು ದಾಟಿ, ಯಗಚಿ ಹಿಂದಾಗಿ, ಇನ್ನೇನು ಊರು ಬಂತು ಅನ್ನುವ ಹೊತ್ತಿಗೆ ಬೆವರು ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು. ಹ್ಯಾಂಡಲ್ ಹಿಡಿದ ಬೆರಳುಗಳು ನಡುಗಿದವು. ಸಣ್ಣ ಗೇರಿಗೆ ಹಾಕಿದರೂ ಪೆಡಲ್ ಕೆಳಗೆ ಹೋಗಲಿಲ್ಲ. ಇಳಿದು ಒಂದು ಆಲದ ಮರದ ಬೇರಿನ ಮೇಲೆ ಕೂತೆ. ಕೂತದ್ದಷ್ಟೇ ನೆನಪು, ಆಮೇಲಿನ ಕೆಲವು ನಿಮಿಷ ಮಂಕು. ಯಾಕೋ ಅಳು ಬಂದಿತ್ತು.

ಮೈಯಲ್ಲಿ ಕೂಡಿಟ್ಟ ಸಕ್ಕರೆ ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಗೆ ಖರ್ಚಾಗುತ್ತದೆ. ಆ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟವೋ ಸಕ್ಕರೆಯೋ ಹೊಟ್ಟೆಗೆ ಹೋಗುತ್ತಲೇ ಇರಬೇಕು. ಒಂದು ಲೀಟರಿಗೆ ಹಾಕುವ ಓಆರ್‌ಎಸ್ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ. ಅದು ಭೇದಿಯಾದವರಿಗೆ ನೀರು, ಉಪ್ಪು ಮೈಗೆ ಹಿಡಿಯಲಿ ಅಂತ ಮಾಡಿದ್ದು, ತುಳಿಯುವ ಶಕ್ತಿಗಲ್ಲ. ದೊಡ್ಡ ಬಾಳೆಹಣ್ಣೊಂದರಲ್ಲೇ ಅದರ ಸುಮಾರು ಎರಡರಷ್ಟಿದೆ. ವರ್ಷಗಟ್ಟಲೆ ಆ ಪೊಟ್ಟಣ ಮಾರಿದವನಿಗೆ ಇದು ಗೊತ್ತಿರಬೇಕಿತ್ತು. ಈಗಲೂ ಅದನ್ನು ನೆನೆದರೆ ನನಗೆ ಬೇಸರವಾಗುತ್ತದೆ.

ಮೊದಲು ಬಂದು ಮುಟ್ಟಿದವರು ರೈಟ್ರು. ಸೈಕಲನ್ನು ಮರಕ್ಕೆ ಒರಗಿಸಿ, ನನ್ನ ಮುಖ ನೋಡಿ, ಏನೂ ಕೇಳದೆ ಬ್ಯಾಗಿನಿಂದ ಬೆಲ್ಲದ ತುಂಡು ತೆಗೆದು ಕೈಗಿಟ್ಟರು.

“ಬೇಡ ರೈಟ್ರೇ, ಹಸಿವಿಲ್ಲ.”

“ಹಸಿವು ಕೇಳ್ಬೇಡಿ ಅಣ್ಣ. ಬಾಯಿಗೆ ಹಾಕ್ಕಳಿ.”

ಬೆಲ್ಲ ಕರಗಿದ ಮೇಲೆ ಬಾಳೆಹಣ್ಣು, ಆಮೇಲೆ ಕಡಲೆ ಚಿಕ್ಕಿ, ನಡುನಡುವೆ ಎರಡು ಗುಟುಕು ನೀರು. ಎಲ್ಲವನ್ನೂ ಚೂರು ಚೂರಾಗಿ ಕೊಟ್ಟರು. ಮಗಳಿಗೆ ಇಂಜೆಕ್ಷನ್ ಕೊಡುತ್ತಿದ್ದ ತಿಂಗಳುಗಳಲ್ಲಿ ಹೀಗೇ ಅಂತೆ. ತಟ್ಟೆ ಮುಂದಿಟ್ಟರೆ ಅವಳಿಗೆ ವಾಕರಿಕೆ. “ಹಸಿವಾಗ್ಲಿ ಅಂತ ಕಾಯ್ಬೇಡಿ, ಗಡಿಯಾರ ನೋಡಿ ಕೊಡಿ ಅಂದ್ರು ಅಲ್ಲಿ ಸಿಸ್ಟರು. ಕಾಲು ಗಂಟೆಗೊಂದ್ಸಲ ಒಂದೊಂದು ಚಮಚ ಗಂಜಿ. ರಾತ್ರಿನೂ ಎದ್ದು ಕೊಡ್ತಿದ್ದೆ” ಅಂದರು. ಅವರ ಮೊಬೈಲಿನಲ್ಲಿ ಆ ಅಲಾರಂ ಇನ್ನೂ ಹಾಗೇ ಇತ್ತು. ಬೆಳಗಿನಿಂದ ಅದು ಹೊಡೆದಾಗಲೆಲ್ಲ ಅವರು ಏನಾದರೊಂದು ಬಾಯಿಗೆ ಹಾಕಿಕೊಳ್ಳುತ್ತಾ ಬಂದಿದ್ದರು. ನಾನು ಮುಂದೆ ಓಡುತ್ತಿದ್ದುದರಿಂದ ನನಗೆ ಕೇಳಿಸಿರಲೇ ಇಲ್ಲ.

ಅರ್ಧ ಗಂಟೆಯಲ್ಲಿ ಕೈ ನಡುಕ ನಿಂತಿತು. ಅಷ್ಟರಲ್ಲಿ ಮೇಷ್ಟ್ರೂ ಹುಡುಗನೂ ಬಂದಿದ್ದರು. ಯಾರು ಹೇಳಿದರೋ ನೆನಪಿಲ್ಲ, ರೈಟ್ರನ್ನು ಮುಂದೆ ಬಿಟ್ಟೆವು. ಗಂಟೆಗೆ ಹದಿನೆಂಟೋ ಇಪ್ಪತ್ತೋ ಕಿಲೋಮೀಟರ್, ಅದಕ್ಕಿಂತ ಜೋರಿಲ್ಲ. ಏರು ಬಂದರೂ ಅವರ ಕಾಲು ಒಂದೇ ಲಯದಲ್ಲಿ ತಿರುಗುತ್ತಿತ್ತು. ನಾನು ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ತುಳಿದೆ. ಗಾಳಿ ಅವರ ಎದೆಗೆ ಬಡಿಯುತ್ತಿತ್ತು, ನನಗೆ ತಾಗುತ್ತಿರಲಿಲ್ಲ.

ಊರು ಐದಾರು ಕಿಲೋಮೀಟರ್ ಇದೆ ಅನ್ನುವಾಗ ಎದುರಿಗೆ ಗಿರಿಸಾಲು ಕಾಣಿಸಿತು, ಬಿಸಿಲಿಗೆ ಒಣಗಿ ಕಂದಾಗಿತ್ತು. ಅದೇ ಹೊತ್ತಿಗೆ ರೈಟ್ರ ಜೇಬಿನಲ್ಲಿ ಅಲಾರಂ ಹೊಡೆಯಿತು. ಅವರು ಸೈಕಲ್ ನಿಲ್ಲಿಸದೆ, ಹಿಂದೆ ತಿರುಗದೆ, ಎಡಗೈಯಲ್ಲಿ ಒಂದು ಚಿಕ್ಕಿ ಹಿಂದಕ್ಕೆ ಚಾಚಿದರು. ನಾನು ಹತ್ತಿರ ಹೋಗಿ ಇಸಿದುಕೊಂಡೆ.