ಹದಿನೈದನೇ ವಯಸ್ಸಿಗೆ ಮುಂಚಿನ ಕಾಲಂ

ಜೈಲಿನಲ್ಲಿ ಕೌನ್ಸೆಲರ್ ಕೆಲಸ ಅಂದರೆ ಅರ್ಧ ಮಾತು, ಅರ್ಧ ಪ್ರೊಫಾರ್ಮಾ. ನಮ್ಮ ಪ್ರೊಫಾರ್ಮಾದಲ್ಲಿ ಬಾಲ್ಯಕ್ಕೆ ಇರುವುದು ಒಂದೇ ಗೆರೆ. ಅಪರಾಧಕ್ಕೆ ಮಾತ್ರ ಒಂದೂವರೆ ಪುಟ.

ಆ ಯುಟಿಪಿ (ವಿಚಾರಣಾಧೀನ ಕೈದಿ) ಹುಡುಗನ ಫೈಲ್ ಮೇಲೆ ಆಗಲೇ 'ಆಂಟಿಸೋಷಿಯಲ್', ಅಂದರೆ ಸಮಾಜಘಾತುಕ ವ್ಯಕ್ತಿತ್ವದ ಕಾಯಿಲೆ ಅಂತ ಬಿದ್ದಿತ್ತು. ಬ್ಯಾರಕ್‌ನಲ್ಲಿ ಬ್ಲೇಡಿನಿಂದ ಕೈ ಕೊಯ್ದುಕೊಂಡಿದ್ದ. ವಾರ್ಡರ್‌ಗೆ ಅದು ನಾಟಕ. ಹದಿನೆಂಟು ದಾಟಿದವರಿಗಷ್ಟೇ ಆ ಹೆಸರು ಕೊಡಬಹುದು, ಅದಕ್ಕೂ ಹದಿನೈದರೊಳಗೆ ದುರ್ನಡತೆಯ ಲಕ್ಷಣ ಕಂಡಿರಬೇಕು. ಕಳ್ಳತನ, ಹೊಡೆದಾಟ, ಮನೆ ಬಿಟ್ಟು ಓಡಿದ್ದು. ನಾನೂ ಸಲೀಸಾಗಿ ಟಿಕ್ ಹಾಕುತ್ತಾ ಹೋದೆ.

"ಮನೆ ಬಿಟ್ಟಿದ್ದು ಯಾಕೆ?" ಎಂದೆ, ಪೆನ್ನಿನಿಂದ ಕಣ್ಣೆತ್ತದೆ.

ಉತ್ತರವಿಲ್ಲ. ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಅವನ ಕೈಗೆ ಹೋಗಿತ್ತು. ಬಾಗಿಲಲ್ಲಿದ್ದ ವಾರ್ಡರ್ ಲಾಠಿ ಎತ್ತಿ ಒಂದು ಹೆಜ್ಜೆ ಮುಂದೆ ಬಂದರು. ಲಾಠಿ ಕಂಡಿದ್ದೇ ಹುಡುಗನ ಭುಜ ಕಿವಿಯವರೆಗೆ ಏರಿತು, ಗಾಜನ್ನು ಹಿಡಿದ ಬೆರಳು ಬೆಳ್ಳಗಾದವು. ಸಂಜೆ ಲಾಕಪ್ ಎಣಿಕೆಯ ಹೊತ್ತು, ಹೊರಗೆ ಕೂಗಾಟ ಬೇರೆ.

"ಸಾರ್, ನೀವು ಹೊರಗಿರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಹೋಗಲು ತುಂಬಾ ಹೊತ್ತು ತೆಗೆದುಕೊಂಡರು.

"ಅಪ್ಪ ಕಾಲು ಹಿಡಿದು ಬಾವಿಗೆ ತಲೆಕೆಳಗೆ ಇಳಿಸ್ತಿದ್ದ ಮೇಡಂ. ಬಸ್‌ಸ್ಟ್ಯಾಂಡೇ ವಾಸಿ. ಪಂಕ್ಚರ್ ಸಲ್ಯೂಷನ್ ಮೂಗಿಗೆ ಎಳೆದ್ರೆ ಚಳಿ, ಹಸಿವು ಏನೂ ಗೊತ್ತಾಗಲ್ಲ." ಗಾಜನ್ನು ಅವನೇ ಕಾಗದದ ಮೇಲಿಟ್ಟ.

ಮನೆಯ ಹಿಂಸೆ ತಾಳದೆ ಓಡಿದ್ದನ್ನು ಸಾಮಾನ್ಯವಾಗಿ ಆ ಲಕ್ಷಣದಲ್ಲಿ ಎಣಿಸಬಾರದು ಅಂತ ಮನೋರೋಗ ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂನಲ್ಲೇ ಇದೆ. ಟಿಕ್ ಹಾಕುವ ಕೈಗೆ ಅದು ನೆನಪಾಗಬೇಕಲ್ವಾ!

1998ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಫೆಲಿಟ್ಟಿ, ಆಂಡಾ ಎಂಬ ವೈದ್ಯರ ತಂಡ ಅಮೆರಿಕದಲ್ಲಿ ಹೆಲ್ತ್ ಚೆಕಪ್‌ಗೆ ಬಂದ ಸಾಮಾನ್ಯ ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿತ್ತು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಿಗೆ ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಒಂದೂ ಕಾಣದವರಿಗಿಂತ 4ರಿಂದ 12 ಪಟ್ಟು ಜಾಸ್ತಿ. ಹಾಗಂತ ಬಾಲ್ಯ ಕೆಟ್ಟವರೆಲ್ಲ ಚಾಕು ಹಿಡಿಯುವುದಿಲ್ಲ. ಇವನಿಂದ ಇರಿತ ತಿಂದ ಆಟೋದವರಿಗೆ ಬಾವಿಯ ಕತೆ ಕಟ್ಟಿಕೊಂಡು ಏನಾಗಬೇಕು? ಕೇಸ್ ಕೇಸೇ. ಆದರೆ ಚಟ ಬಿಡಿಸಲು ಬರೀ ಮಾತ್ರೆ ಬರೆದು, ರಾತ್ರಿ ಅವನಿಗೆ ನಿದ್ದೆ ಯಾಕೆ ಬರುವುದಿಲ್ಲ ಅಂತ ಕೇಳದಿದ್ದರೆ, ಬ್ಯಾರಕ್‌ನಲ್ಲೇ ಗಾಂಜಾ ಹುಡುಕುತ್ತಾನೆ. ಸಿಗುತ್ತದೆ ಕೂಡ, ಅದು ಬೇರೆ ಮಾತು.

ಈಗ ಮನೋವೈದ್ಯರಿಗೆ ಕಳಿಸುವ ರೆಫರಲ್‌ಗೆ ಬಾಲ್ಯದ ಕತೆ ಬರೆದ ಒಂದು ಬಿಳಿ ಹಾಳೆ ಪಿನ್ ಮಾಡುತ್ತೇನೆ. ಪ್ರೊಫಾರ್ಮಾದಲ್ಲಿ ಇಲ್ಲದ್ದು ಯಾಕೆ ಸೇರಿಸ್ತೀರಿ ಅಂತ ಆಫೀಸಿನವರು ಎರಡು ಸಲ ವಾಪಸ್ ಕಳಿಸಿದರು. ವಾರ್ಡರ್‌ಗೆ ಬಾಗಿಲ ಆಚೆ ಒಂದು ಕುರ್ಚಿ ಹಾಕಿಸಿ ಅಂತ ಕೊಟ್ಟ ಅರ್ಜಿ ಇನ್ನೂ ಪೆಂಡಿಂಗ್.